ಗುಬ್ಬಿಯಿಂದ ಕುಣಿಗಲ್‌ಗೆ, ಹಿಂದಿನ ಸೀಟಿನಲ್ಲಿ

"ಮುನ್ನಿ ಬರದಿದ್ದರೆ ನಾನೂ ಬರುವುದಿಲ್ಲ" ಎಂದು ಖಾಲಾ ಫೋನಿನಲ್ಲಿ ಹೇಳಿದಾಗ ನಾನು ನಕ್ಕುಬಿಟ್ಟೆ. ಆಚೆ ಕಡೆಯಿಂದ ನಗು ಕೇಳಿಸಲಿಲ್ಲ. ಎಪ್ಪತ್ತೆರಡು ವರ್ಷದ ನನ್ನ ಖಾಲಾ ಮಾತಿಗೆ ಮಾತು ಬೆಳೆಸುವವರಲ್ಲ. ಹೇಳಿದ್ದನ್ನು ಒಂದೇ ಸಲ ಹೇಳಿ ಸುಮ್ಮನಾಗುವವರು. ಖಾಲು ತೀರಿಕೊಂಡ ಮೇಲೂ ಗುಬ್ಬಿಯ ಆ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮಗನಿಗೆ ಕುಣಿಗಲ್‌ನಲ್ಲಿ ಕೆಲಸ, ಅಲ್ಲೇ ಮನೆ. ಎರಡು ವರ್ಷದಿಂದ ಕರೆಯುತ್ತಿದ್ದ. ಕೊನೆಗೆ ಮೊಣಕಾಲು ನೋವು ಅವರನ್ನು ಒಪ್ಪಿಸಿತು. ಮನೆಯ ಸಾಮಾನುಗಳೆಲ್ಲ ಹಿಂದಿನ ದಿನವೇ ಟೆಂಪೋದಲ್ಲಿ ಹೋಗಿದ್ದವು. ಉಳಿದದ್ದು ಖಾಲಾ, ಅವರ ಔಷಧಿ ಡಬ್ಬಿ, ಒಂದು ಕುರ್‌ಆನ್ ಪೀಠ, ಮತ್ತು ಬೂದಿ ಬಿಳಿ ಬಣ್ಣದ ಆರು ವರ್ಷದ ಬೆಕ್ಕು ಮುನ್ನಿ.

ಅವರನ್ನು ಕರೆದೊಯ್ಯುವ ಜವಾಬ್ದಾರಿ ತುಮಕೂರಿನಲ್ಲಿರುವ ನಮ್ಮ ಪಾಲಿಗೆ ಬಂತು. ನನ್ನ ಮೈದುನ ಆಗಷ್ಟೇ ಹೊಸ ಎಸ್‌ಯುವಿ ಕೊಂಡಿದ್ದ. ನೋಡಲು ಎತ್ತರವಾಗಿ ಗಂಭೀರವಾಗಿತ್ತು. ಮುಂದೆ ಅಂಗೈ ಅಗಲದ ಟಿವಿ ಪರದೆ, ಮೇಲೆ ತೆರೆದುಕೊಳ್ಳುವ ಸನ್‌ರೂಫ್. "ಭಾಭಿ, ಖಾಲಾಗೆ ಬಸ್ಸು ಆಟೋ ಏಕೆ? ರಾಣಿಯ ಹಾಗೆ ಕರೆದುಕೊಂಡು ಹೋಗೋಣ" ಎಂದ. ಗುಬ್ಬಿಯಿಂದ ಕುಣಿಗಲ್‌ಗೆ ಒಳದಾರಿಗಳೂ ಇವೆ. ಆದರೆ ತುಮಕೂರಿಗೆ ವಾಪಸ್ಸು ಬಂದು, ಮನೆಯಲ್ಲಿ ಊಟ ನಮಾಝ್ ಮುಗಿಸಿ, ಗೂಳೂರು ಹೆಬ್ಬೂರು ಮೇಲಾಗಿ ಹೋಗುವುದೆಂದು ತೀರ್ಮಾನವಾಯಿತು. ಗುಬ್ಬಿಯಿಂದ ತುಮಕೂರು 20 ಕಿ.ಮೀ., ಅಲ್ಲಿಂದ ಕುಣಿಗಲ್ 40 ಕಿ.ಮೀ.ಗೆ ಸ್ವಲ್ಪ ಕಡಿಮೆ. ಇದೆಂಥ ಪ್ರಯಾಣ ಎಂದು ನಿಮಗೆ ಅನಿಸಬಹುದು. ನಮಗೂ ಹಾಗೆಯೇ ಅನಿಸಿತ್ತು.

ಏಪ್ರಿಲ್ ತಿಂಗಳ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಹೊರಟೆವು. ತುಮಕೂರಿನವರು ಬಿ.ಎಚ್. ರೋಡ್ ಎಂದು ದಿನಕ್ಕೆ ನೂರು ಸಲ ಹೇಳುತ್ತೇವೆ. ಅದು ಬೆಂಗಳೂರು-ಹೊನ್ನಾವರ ರಸ್ತೆ ಎಂದು ನನ್ನ ಮಗಳಿಗೆ ಅಂದೇ ಗೊತ್ತಾದದ್ದು. "ಹಾಗಾದರೆ ಹೀಗೇ ಹೋದರೆ ಸಮುದ್ರ ಸಿಗುತ್ತಾ?" ಎಂದು ಕೇಳಿದಳು. ಹೌದು, ಸಿಗುತ್ತದೆ. ಗುಬ್ಬಿ ಗೇಟ್ ದಾಟಿ, ಹೆಗ್ಗೆರೆ, ಮಲ್ಲಸಂದ್ರ ಕಳೆದರೆ ಎರಡೂ ಬದಿಗೆ ತೆಂಗಿನ ತೋಟಗಳು. ರೈಲು ಹಳಿ ರಸ್ತೆಯನ್ನು ಬಿಟ್ಟೂ ಬಿಡದಂತೆ ಜೊತೆಗೇ ಬರುತ್ತದೆ. ಈ ತಾಲೂಕಿಗೆ ಈಗ ಹೆಲಿಕಾಪ್ಟರ್ ಕಾರ್ಖಾನೆಯೂ ಬಂದಿದೆ. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಆ ಘಟಕ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಆದರೂ ನನ್ನಂಥವರಿಗೆ ಗುಬ್ಬಿ ಎಂದರೆ ನಾಟಕ ಕಂಪೆನಿಯೇ. 1884ರಲ್ಲಿ ಶುರುವಾದ ಆ ಕಂಪೆನಿಗೆ ಹುಡುಗನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರೇ ಆದರು. ಅವರು 1972ರಲ್ಲಿ ತೀರಿಕೊಂಡರು. 'ಕುರುಕ್ಷೇತ್ರ' ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದವರು. ಪರದೆ, ಪೆಟ್ಟಿಗೆ, ನಟರು, ಮಕ್ಕಳು ಮರಿ ಎಲ್ಲರನ್ನೂ ಕಟ್ಟಿಕೊಂಡು ಊರೂರು ಸುತ್ತಿದ ಊರಿನಿಂದ ನಾವು ಒಂದು ಬೆಕ್ಕನ್ನು 60 ಕಿ.ಮೀ. ಸಾಗಿಸಬೇಕಿತ್ತು, ಅಷ್ಟೇ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಹಿಂದೆ ನಾನು, ಮಗಳು ಇಬ್ಬರೇ. ಹೊತ್ತೂ ಏರಿರಲಿಲ್ಲ.

ಖಾಲಾರ ಮನೆಯಲ್ಲಿ ಹೊರಡುವುದು ನಾವಂದುಕೊಂಡಷ್ಟು ಬೇಗ ಆಗಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದರು. ಎದುರು ಮನೆಯ ಅಮ್ಮ ಖಾಲಾರ ಕೈಗೆ ತಾಂಬೂಲದ ಬದಲು ಒಂದು ಚೀಲ ಹುಣಸೆಹಣ್ಣು ಕೊಟ್ಟು ಕಣ್ಣೊರೆಸಿಕೊಂಡರು. ಪಕ್ಕದ ಮನೆಯವರು ಚೇಳೂರಿನ ಹಲಸಿನ ಹಣ್ಣೊಂದನ್ನು ಡಿಕ್ಕಿಗೆ ಏರಿಸಿಯೇ ಬಿಟ್ಟರು. ಗುಬ್ಬಿ ತಾಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ತಾಮ್ರಬಣ್ಣದ ತೊಳೆಯ 'ಸಿದ್ದು' ಹಲಸು ಅಲ್ಲಿಯದೇ. ಬೇರೆ ದಿನವಾಗಿದ್ದರೆ ನಾನೇ ಕೇಳಿ ಪಡೆಯುತ್ತಿದ್ದೆ. ಮುಚ್ಚಿದ ಕಾರಿನಲ್ಲಿ ಹಣ್ಣಾದ ಹಲಸು ಇಟ್ಟುಕೊಂಡು ಹೋದವರಿಗೆ ಮಾತ್ರ ಗೊತ್ತು ಅದರ ಮಹಿಮೆ. ಖಾಲಾ ಖಾಲಿ ಕೋಣೆಗಳಿಗೆ ಒಮ್ಮೆ ಹೋಗಿ ಬಂದು, ಬೀಗದ ಕೈಯನ್ನು ಮಾಲಿಕರ ಮಗನಿಗೆ ಕೊಟ್ಟರು. ಅಷ್ಟರಲ್ಲಿ ಹನ್ನೆರಡೂವರೆ. ಕಾರು ಒಂದೂವರೆ ಗಂಟೆಯಿಂದ ನೆತ್ತಿಯ ಬಿಸಿಲಿನಲ್ಲಿ ನಿಂತಿತ್ತು.

ಮುನ್ನಿಯನ್ನು ಬುಟ್ಟಿಗೆ ಹಾಕುವುದು ಒಂದು ಯುದ್ಧವಾಯಿತು. ಮುಚ್ಚಳ ಇರುವ, ಪಕ್ಕದಲ್ಲಿ ಸೀಳುಗಳಿರುವ ಪ್ಲಾಸ್ಟಿಕ್ ಬುಟ್ಟಿ. ಒಳಗೆ ಹೋದದ್ದೇ ಕೂಗತೊಡಗಿತು. ಹೊರಗಿನದ್ದು ಕಾಣದಿದ್ದರೆ ಸುಮ್ಮನಾಗುತ್ತದೆ ಎಂದು ಖಾಲಾ ತಮ್ಮ ದುಪಟ್ಟಾವನ್ನು ಬುಟ್ಟಿಯ ಸುತ್ತ ಎರಡು ಸುತ್ತು ಹೊದಿಸಿದರು. ನಿಜವಾಗಿಯೂ ಅದು ಸುಮ್ಮನಾಯಿತು. ಮುಂದಿನ ಎರಡು ಸೀಟುಗಳಲ್ಲಿ ಇವರು ಮತ್ತು ಮೈದುನ. ಹಿಂದೆ ಒಂದು ಬದಿಗೆ ಖಾಲಾ, ಇನ್ನೊಂದು ಬದಿಗೆ ನಾನು, ನಡುವೆ ಮಗಳು. ಬುಟ್ಟಿ ಖಾಲಾರ ಕಾಲಬುಡದಲ್ಲಿ, ಹುಣಸೆಹಣ್ಣಿನ ಚೀಲದ ಪಕ್ಕ.

ಎಸಿ ಹಾಕಿದರು. ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಬರುವ ನಾಲ್ಕು ಕಿಂಡಿಗಳು. ಹಿಂದೆ? ನಾನು ಮುಂದಿನ ಸೀಟುಗಳ ನಡುವಿನ ಡಬ್ಬಿಯ ಹಿಂಬದಿಯನ್ನು ಅಂದೇ ಮೊದಲ ಸಲ ಗಮನಿಸಿ ನೋಡಿದ್ದು. ಫೋನ್ ಚಾರ್ಜ್ ಮಾಡುವ ಒಂದು ತೂತು ಇತ್ತು. ಗಾಳಿಯ ಕಿಂಡಿ ಇರಬೇಕಾದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ಮೇಲಿನ ದರ್ಜೆಯ ಮಾದರಿಯಲ್ಲಿ ಅಲ್ಲಿ ಕಿಂಡಿ ಇರುತ್ತದಂತೆ. ಮೈದುನ ಆರಿಸಿಕೊಂಡ ಮಾದರಿಯಲ್ಲಿ ಸನ್‌ರೂಫ್ ಇತ್ತು, ಅದಿರಲಿಲ್ಲ.

ಐದು ನಿಮಿಷವಾಗಿರಬೇಕು. ಮುಂದೆ ಕುಳಿತ ಮೈದುನ ಕೈ ಉಜ್ಜಿಕೊಂಡು, "ಚಳಿಯಾಗ್ತಿದೆ ಭಾಯ್, ಸ್ವಲ್ಪ ಕಡಿಮೆ ಮಾಡಲಾ?" ಎಂದ. ಇವರು ಹೂಂ ಎಂದರು. ಗಾಳಿಯ ಸದ್ದು ಇಳಿಯಿತು. ಓದುಗ ಸಹೋದರಿಯರೇ, ಈ ಮಾತನ್ನು ನಿಮ್ಮಲ್ಲಿ ಎಷ್ಟು ಮಂದಿ ಹಿಂದಿನ ಸೀಟಿನಲ್ಲಿ ಕುಳಿತು ಕೇಳಿಲ್ಲ ಹೇಳಿ! ಮುಂದಿನವರಿಗೆ ಚಳಿಯಾದದ್ದು ಸುಳ್ಳಲ್ಲ. ಅವರ ಮುಖಕ್ಕೂ ಕೈಗೂ ನೇರ ತಣ್ಣನೆಯ ಗಾಳಿ ಹೊಡೆಯುತ್ತಿತ್ತು. ನಮ್ಮ ಹಿಂದೆ ಗಾಜಿನಿಂದ ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಬುರ್ಖಾದ ಒಳಗೆ ಬೆವರು ಹರಿಯುತ್ತಿತ್ತು. ನಾನೂ ಏನೂ ಹೇಳಲಿಲ್ಲ. ಹೊಸ ಕಾರು, ಅವನ ಉತ್ಸಾಹ, ಇನ್ನೇನು 20 ಕಿ.ಮೀ. ಎಂದು ಸುಮ್ಮನಿದ್ದೆ. ಈ ಸುಮ್ಮನಿರುವುದೇ ನಮ್ಮ ಚಾಳಿ.

ಮಲ್ಲಸಂದ್ರ ಹತ್ತಿರವಾಗುವಾಗ ಮಗಳು, "ಅಮ್ಮಿ, ಮುನ್ನಿ ನಾಯಿಯ ಹಾಗೆ ಉಸಿರಾಡ್ತಿದೆ" ಎಂದಳು. ದುಪಟ್ಟಾ ಸರಿಸಿ ನೋಡಿದೆವು. ಬಾಯಿ ತೆರೆದಿತ್ತು, ನಾಲಿಗೆ ಹೊರಗೆ, ಜೊಲ್ಲಿನಿಂದ ಗದ್ದ ಒದ್ದೆ. ಹೊಟ್ಟೆ ಬೇಗ ಬೇಗ ಏರಿ ಇಳಿಯುತ್ತಿತ್ತು. ನಾಯಿ ತೇಕುವುದು ಸಹಜ, ಅದು ಅದರ ಮೈ ತಣಿಸಿಕೊಳ್ಳುವ ಬಗೆ. ಬೆಕ್ಕು ಬಾಯಿ ತೆರೆದು ತೇಕಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಬೆಕ್ಕು ಬೆವರುವುದು ಹೆಚ್ಚಾಗಿ ಪಾದದ ಮೆತ್ತೆಗಳಲ್ಲಿ ಮಾತ್ರ. ಅಷ್ಟರಿಂದ ಇಡೀ ಮೈ ತಣಿಯುವುದಿಲ್ಲ. ಅದಕ್ಕೆ ನೆರಳು ಬೇಕು, ಗಾಳಿ ಬೇಕು. ಎರಡನ್ನೂ ನಾವು ದುಪಟ್ಟಾದಿಂದ ಕಟ್ಟಿಹಾಕಿದ್ದೆವು. ಅದೂ ಪ್ರೀತಿಯಿಂದ.

ಖಾಲಾರ ಮುಖ ನೋಡಿದೆ. ಅವರದೂ ಬೆವರೇ ಇಲ್ಲದೆ ಕೆಂಪಾಗಿತ್ತು, ತುಟಿ ಒಣಗಿತ್ತು. "ಖಾಲಾ, ನಿಮಗೇನಾಗ್ತಿದೆ?" ಎಂದರೆ, "ನನಗೇನಿಲ್ಲ ಬೇಟಿ, ತಲೆ ಸ್ವಲ್ಪ ತಿರುಗ್ತಿದೆ. ಮೊದಲು ಇದನ್ನು ನೋಡು" ಎಂದರು. ರಕ್ತದೊತ್ತಡಕ್ಕೆ ಅವರು ನುಂಗುವ ಮಾತ್ರೆ ಮೂತ್ರ ಹೆಚ್ಚು ಮಾಡುವಂಥದ್ದು. ದಾರಿಯಲ್ಲಿ ತೊಂದರೆಯಾದೀತೆಂದು ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ. ನಮ್ಮ ಮನೆಗಳ ಹಿರಿಯ ಹೆಂಗಸರೆಲ್ಲ ಪ್ರಯಾಣದ ದಿನ ಮಾಡುವುದು ಇದನ್ನೇ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ, ಬೆವರೂ ಕಡಿಮೆಯಾಗುತ್ತದೆ. ಬೆಕ್ಕು ಬಾಯಿ ತೆರೆಯದಿದ್ದರೆ ಖಾಲಾ ಬಾಯಿ ತೆರೆಯುತ್ತಲೇ ಇರಲಿಲ್ಲ ಎಂದು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ರಸ್ತೆ ಬದಿಯ ಹುಣಸೆ ಮರದಡಿ ನಿಲ್ಲಿಸಿದೆವು. ನೆರಳಿನಲ್ಲಿ ಮೊದಲೇ ಒಂದು ಲಾರಿ ನಿಂತಿತ್ತು. ತುಮಕೂರಿನ ಪಶುವೈದ್ಯರೊಬ್ಬರಿಗೆ ಇವರು ಫೋನು ಮಾಡಿದರು. ಅವರು ಹೇಳಿದ್ದು ಇಷ್ಟು: ಬುಟ್ಟಿಯ ಬಾಗಿಲು ತೆರೆದು ಗಾಳಿಗೆ ಇಡಿ, ಆದರೆ ಓಡಿಹೋಗದಂತೆ ಹಿಡಿದುಕೊಳ್ಳಿ. ಮಂಜುಗಡ್ಡೆ, ಐಸ್ ನೀರು ಬೇಡ. ಸಾಧಾರಣ ನೀರಿನಲ್ಲಿ ಬಟ್ಟೆ ಅದ್ದಿ ಪಾದ, ಕಿವಿ, ಹೊಟ್ಟೆ ಒರೆಸಿ. ಬೀಸಿ. ಬಾಯಿಗೆ ನೀರು ಸುರಿಯಬೇಡಿ, ಬಟ್ಟಲಲ್ಲಿ ಇಟ್ಟರೆ ತಾನೇ ನೆಕ್ಕುತ್ತದೆ. ಮೊದಲು ತಣಿಸಿ, ಆಮೇಲೆ ಹೊರಡಿ. ಖಾಲಾ ಅದನ್ನು ಹಿಡಿದು ಕೂತರು. ನಾನು ಪತ್ರಿಕೆ ಮಡಚಿ ಬೀಸಿದೆ. ಬೆಕ್ಕನ್ನು ಕೂಡಿಹಾಕಿ ಕೊಂದ ಹೆಂಗಸಿನ ಹದೀಸನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಹೆಂಗಸು ನನ್ನ ಹಾಗಿರಬಹುದೆಂದು ಎಂದೂ ಅಂದುಕೊಂಡಿರಲಿಲ್ಲ.

ಲಾರಿಯ ಚಾಲಕ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ. ನಮ್ಮನ್ನು ನೋಡಿ ತನ್ನ ಮಣ್ಣಿನ ಹೂಜಿಯಿಂದ ನೀರು ತಂದುಕೊಟ್ಟ. ಖಾಲಾಗೆ ಎರಡು ಲೋಟ, ಉಪ್ಪು ಸಕ್ಕರೆ ಹಾಕಿ. ಅವನ ಲಾರಿಯ ಇಂಜಿನ್ ಅವನ ಪಕ್ಕದಲ್ಲೇ ಇರುತ್ತದೆ, ಬೇಸಿಗೆಯಲ್ಲಿ ಒಳಗೆ ಕುಳಿತರೆ ಒಲೆಯ ಮೇಲೆ ಕುಳಿತಂತೆ ಎಂದ. ಲಾರಿ ಚಾಲಕರ ಕೋಣೆಗೆ ಎಸಿ ಇರಲೇಬೇಕೆಂದು ಸರಕಾರ 2023ರ ಡಿಸೆಂಬರಿನಲ್ಲಿ ಆದೇಶ ಹೊರಡಿಸಿದೆ. ಆದರೆ ಅದು 2025ರ ಅಕ್ಟೋಬರ್ 1ರ ನಂತರ ತಯಾರಾದ ದೊಡ್ಡ ಲಾರಿಗಳಿಗೆ. ಅವನದು ಹಳೆಯದು. ಲಕ್ಷಾಂತರ ರೂಪಾಯಿಯ ನಮ್ಮ ಕಾರಿನ ಹಿಂದಿನ ಸೀಟಿಗೂ ಅವನ ಲಾರಿಗೂ ಆ ಹೊತ್ತಿನಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಅರ್ಧ ಗಂಟೆಯಲ್ಲಿ ಮುನ್ನಿ ಬಾಯಿ ಮುಚ್ಚಿತು. ಬಟ್ಟಲಿನಲ್ಲಿಟ್ಟ ನೀರನ್ನು ನಾಲ್ಕು ಸಲ ನೆಕ್ಕಿತು. ಕಿಟಕಿಗಳನ್ನೆಲ್ಲ ಇಳಿಸಿಕೊಂಡು ತುಮಕೂರಿಗೆ ಬಂದೆವು. ಬೆಂಗಳೂರು-ಹೊನ್ನಾವರ ರಸ್ತೆಯ ಧೂಳೆಲ್ಲ ನಮ್ಮ ಮುಖದ ಮೇಲಿತ್ತು.

ಮನೆಗೆ ಹೋಗುವ ಮೊದಲು ಗುಬ್ಬಿ ಗೇಟ್ ಬಳಿ ಜ್ಯೂಸ್ ಅಂಗಡಿ ಕಂಡು ಮೈದುನ ನಿಲ್ಲಿಸಿದ. "ಬೆಕ್ಕು ಐದು ನಿಮಿಷ ಕಾರಲ್ಲೇ ಇರಲಿ, ಗಾಜು ಎರಡು ಬೆರಳು ಇಳಿಸ್ತೀನಿ" ಎಂದ. ಖಾಲಾ ಕಾರಿನಿಂದ ಇಳಿಯಲೇ ಇಲ್ಲ. ಆಗ ಅವರದು ಹಟವೆಂದು ಅನಿಸಿತ್ತು. ಮನೆಗೆ ಬಂದ ಮೇಲೆ ಓದಿ ತಿಳಿದೆ: ನಿಂತ ಕಾರುಗಳ ಒಳಗಿನ ಬಿಸಿಯನ್ನು ಅಳೆದ ಅಧ್ಯಯನವೊಂದು 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯರ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದಿತ್ತು. ಹೊರಗೆ ಕೇವಲ 22 ಡಿಗ್ರಿ ಇದ್ದ ಹಿತವಾದ ದಿನದಲ್ಲೂ ಒಂದು ಗಂಟೆಯಲ್ಲಿ ಒಳಗೆ 47 ಡಿಗ್ರಿ ಮುಟ್ಟಿತ್ತು. ಏರುವ ಬಿಸಿಯ ಶೇ. 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಏರುತ್ತದೆ. ಗಾಜನ್ನು ಸ್ವಲ್ಪ ಇಳಿಸಿದರೆ ಹೇಳಿಕೊಳ್ಳುವಂಥ ಲಾಭವಿಲ್ಲ. 22 ಡಿಗ್ರಿಗೇ ಹೀಗಾದರೆ ನಮ್ಮ ಏಪ್ರಿಲ್ ಮಧ್ಯಾಹ್ನ ಹೇಗಿರಬೇಡ? ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. 'ಮಗು ಮಲಗಿದೆ, ಎಬ್ಬಿಸುವುದು ಬೇಡ, ಬೇಗ ತರಕಾರಿ ತಂದುಬಿಡುತ್ತೇನೆ' ಎಂದು ಕಾರಿನಲ್ಲಿ ಬಿಟ್ಟು ಹೋಗುವವರನ್ನು ನಾನೇ ಕಂಡಿದ್ದೇನೆ.

ಊಟ ಮುಗಿದ ಮೇಲೆ ಇವರು ಕಾರನ್ನು ತಮಗೆ ಪರಿಚಯವಿದ್ದ ಎಸಿ ಮೆಕ್ಯಾನಿಕ್ ಬಳಿ ಒಯ್ದರು. ನಾನೂ ಹೋದೆ. ಹೆಂಗಸರು ಗ್ಯಾರೇಜಿಗೆ ಏಕೆ ಎಂಬಂತೆ ಇವರು ನೋಡಿದರು. ಹಿಂದೆ ಕೂತವಳು ನಾನು, ಹೇಳಬೇಕಾದವಳೂ ನಾನೇ ಎಂದೆ.

ಆ ಹಿರಿಯ ಮೆಕ್ಯಾನಿಕ್ ಮೊದಲು ಮಾಡಿದ್ದು ಮುಂದಿನ ಸೀಟಿನೆದುರಿನ ಕಾಗದಪತ್ರದ ಡಬ್ಬಿಯನ್ನು ಕಳಚಿ, ಅದರ ಹಿಂದಿದ್ದ ಫಿಲ್ಟರನ್ನು ಎಳೆದು ತೆಗೆದದ್ದು. ಹೊಸ ಕಾರಿನದೇ, ಆದರೂ ಬೂದು ಬಣ್ಣದ ಕಂಬಳಿಯಂತಾಗಿತ್ತು. ನಮ್ಮ ಊರಿನ ಧೂಳಿಗೆ ಅದು ಎಷ್ಟು ದಿನ ತಡೆದೀತು? ಬೆಕ್ಕು ನಾಯಿ ಕೂರಿಸಿಕೊಳ್ಳುವವರ ಕಾರಿನಲ್ಲಿ ಕೂದಲೂ ಸೇರಿ ಇನ್ನೂ ಬೇಗ ಕಟ್ಟಿಕೊಳ್ಳುತ್ತದಂತೆ. ಆಮೇಲೆ ಮುಂದಿನ ಸೀಟಿನ ಕೆಳಗೆ ಕೈ ಹಾಕಿ ಒಂದು ನೀರಿನ ಬಾಟಲಿ, ಒಂದು ಚಪ್ಪಲಿ ಎಳೆದ. "ಇಲ್ಲಿಂದ ಹಿಂದಿನವರ ಕಾಲಿಗೆ ಗಾಳಿ ಹೋಗೋ ದಾರಿ ಇದೆ ಅಮ್ಮ. ನೀವೇ ಮುಚ್ಚಿಟ್ಟಿದ್ದೀರಿ" ಎಂದ.

ಹಿಂದೆ ಕಿಂಡಿ ಇಲ್ಲದಿರುವ ಬಗ್ಗೆ ಕೇಳಿದೆ. ಅವನು ಕಪ್ಪು ಮುಚ್ಚಳವನ್ನು ಬೆರಳಿನಿಂದ ತಟ್ಟಿ, "ಇದು ಹೇಮಾವತಿ ನಾಲೆ ಇದ್ದ ಹಾಗೆ. ತಲೆಯಲ್ಲಿ ಇರೋರಿಗೆ ನೀರು, ಬಾಲದಲ್ಲಿರೋರಿಗೆ ಸದ್ದು ಮಾತ್ರ" ಎಂದ. ತುಮಕೂರು ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯ ಕೊನೆಯಲ್ಲಿರುವ ಕುಣಿಗಲ್‌ಗೆ ನೀರು ಒಯ್ಯುವ ಲಿಂಕ್ ಕೆನಾಲ್ ವಿಷಯದಲ್ಲಿ 2024 ಮತ್ತು 2025ರಲ್ಲಿ ಗುಬ್ಬಿ ತುಮಕೂರಿನ ಕಡೆ ದೊಡ್ಡ ಪ್ರತಿಭಟನೆಗಳೇ ಆದವು. ಬಾಲದವರ ಸಂಕಟ ಅವರಿಗೆ, ನಡುವಿನವರ ಭಯ ಇವರಿಗೆ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಮೆಕ್ಯಾನಿಕ್ಕಿನ ಮಾತು ಮಾತ್ರ ಸರಿಯಾಗಿ ನಾಟಿತು.

ಅವನು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಕೆಲವು ಗಾಡಿಗಳಲ್ಲಿ ಹಿಂದೆ ಏನೂ ಇರುವುದಿಲ್ಲ, ಮುಂದಿನ ಗಾಳಿ ತಿರುಗಿ ತಿರುಗಿ ಹಿಂದೆ ತಲುಪಬೇಕು. ಕೆಲವದರಲ್ಲಿ ಮುಂದಿನ ಸೀಟುಗಳ ನಡುವಿನ ಡಬ್ಬಿಯ ಹಿಂಬದಿಯಲ್ಲೋ, ಬಾಗಿಲುಗಳ ನಡುವಿನ ಕಂಬದಲ್ಲೋ ಕಿಂಡಿ ಇರುತ್ತದೆ. ಅದು ಮುಂದಿನ ಅದೇ ಫ್ಯಾನಿನ ಗಾಳಿಯನ್ನೇ ಕೊಳವೆಯಲ್ಲಿ ತರುವುದು. ಮುಂದಿನವರು ಫ್ಯಾನ್ ಇಳಿಸಿದರೆ ಹಿಂದೆಯೂ ಇಳಿಯಿತು. ಏಳೆಂಟು ಜನರ ದೊಡ್ಡ ಗಾಡಿಗಳಲ್ಲಿ ಹಿಂದಿನವರಿಗೆಂದೇ ಬೇರೆ ಫ್ಯಾನು, ಬೇರೆ ತಣ್ಣಗಾಗಿಸುವ ಕಾಯಿಲ್, ಚಾವಣಿಯಲ್ಲಿ ಕಿಂಡಿ, ಹಿಂದಿನವರ ಕೈಗೆ ಎಟಕುವ ತಿರುಗಣೆ. 2005ರಲ್ಲಿ ಬಂದ ಇನ್ನೋವಾವನ್ನು ಮದುವೆ ದಿಬ್ಬಣದ ಹೆಂಗಸರು ಅಷ್ಟು ಮೆಚ್ಚಿದ್ದು ಸುಮ್ಮನೆ ಅಲ್ಲ. ತಣ್ಣನೆಯ ಗಾಳಿ ಭಾರ, ಕೆಳಗಿಳಿಯುತ್ತದೆ. ಅದಕ್ಕೇ ಚಾವಣಿಯಿಂದ ಬಂದರೆ ಎಲ್ಲರಿಗೂ ಹರಡುತ್ತದೆ. ನಡುವಿನ ಡಬ್ಬಿಯಿಂದ ಬರುವುದು ಹೆಚ್ಚಾಗಿ ನಡುವೆ ಕುಳಿತವರ ಮೊಣಕಾಲಿಗೆ. ಕಾಲಬುಡದಲ್ಲಿಟ್ಟ ಬೆಕ್ಕಿನ ಬುಟ್ಟಿಗೆ ಯಾವುದೂ ಸಿಗುವುದಿಲ್ಲ. ಡಿಕ್ಕಿಯಲ್ಲಿ ಬುಟ್ಟಿ ಇಡುವವರಂತೂ ದೇವರೇ ಗತಿ ಎಂದ.

ಸಾಕಿದ ಪ್ರಾಣಿಗಳ ಬಗ್ಗೆ ಕಾನೂನೂ ಯೋಚಿಸಿದೆ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ನಾಯಿ ಬೆಕ್ಕುಗಳಿಗೆ ಪ್ರತ್ಯೇಕ ಅಧ್ಯಾಯವಿದೆ, ಗಾಳಿಯಾಡುವ ಪೆಟ್ಟಿಗೆಯ ಮಾತಿದೆ. ಅಜ್ಜಿಯರಿಗೆ ಅಂಥ ಅಧ್ಯಾಯ ಬರೆದವರಿಲ್ಲ.

ನಾವು ಕೂರುವ ಜಾಗ ಹಿಂದಿನಿಂದಲೂ ಹಿಂದಿನದೇ. ನನ್ನ ನಾನಿ ಜಟಕಾದಲ್ಲಿ ಹಿಂದೆ ಪರದೆ ಇಳಿಬಿಟ್ಟುಕೊಂಡು ತವರಿಗೆ ಹೋಗುತ್ತಿದ್ದರಂತೆ. ಪರದೆ ಬಟ್ಟೆಯದು, ಗಾಳಿಗೆ ಹಾರುತ್ತಿತ್ತು. ನನ್ನ ಬಾಲ್ಯದ ಅಂಬಾಸಿಡರಿನ ಹಿಂದಿನ ಕಿಟಕಿಗೂ ಪರದೆ ಇತ್ತು, ಗಾಜು ಇಳಿಸಿದರೆ ಆಯಿತು. ಎಸಿ ಬಂದ ಮೇಲೆ ಗಾಜು ಏರಿಸಿದೆವು, ಕಪ್ಪು ಫಿಲಂ ಅಂಟಿಸಿದೆವು. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಬೇಡವೆಂದಾಗ ನಮ್ಮ ಮನೆಗಳಲ್ಲಿ ಸಾಕಷ್ಟು ಗೊಣಗಾಟ ನಡೆದಿತ್ತು. ನಾನೂ ಗೊಣಗಿದವಳೇ. ಬಿಸಿಲು ತಡೆಯಲು ಪಕ್ಕದ ಗಾಜಿಗೆ ಸಿಗಿಸಿ ತೆಗೆಯುವ ಬಲೆಯ ಮರೆ ಈಗ ಎಲ್ಲ ಕಡೆ ಸಿಗುತ್ತದೆ. ಅಂದು ಸಂಜೆ ಖಾಲಾರ ಬದಿಯ ಗಾಜಿಗೆ ಮನೆಯಲ್ಲಿದ್ದ ತೆಳು ಬಟ್ಟೆಯನ್ನೇ ಸಿಗಿಸಿದೆವು.

ಕುಣಿಗಲ್‌ಗೆ ಹೊರಟದ್ದು ನಾಲ್ಕೂವರೆಗೆ. ಈ ಸಲ ಎಲ್ಲ ಬದಲಾಯಿತು. ಮುಂದೆ ಎಡಬದಿಗೆ ಖಾಲಾ. ಅವರು ಒಪ್ಪಲು ಅರ್ಧ ಗಂಟೆ ಬೇಕಾಯಿತು. "ಗಂಡಸರು ಹಿಂದೆ ಕೂತು ನಾನು ಮುಂದೆಯಾ?" ಎಂದು ನಾಚಿಕೊಂಡರು. ಆರಡಿ ಎತ್ತರದ ಮೈದುನ ಹಿಂದೆ ಕುಳಿತ. ಮುನ್ನಿಯ ಬುಟ್ಟಿಯನ್ನು ಖಾಲಾ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದರು. ಏರ್‌ಬ್ಯಾಗ್ ಇರುವ ಸೀಟಿನಲ್ಲಿ ಅದು ಅಪಾಯವೆಂದು ಮೆಕ್ಯಾನಿಕ್ ಹೇಳಿದ್ದ. ಹಾಗಾಗಿ ಬುಟ್ಟಿ ಹಿಂದಿನ ಸೀಟಿನ ನಡುವೆ, ಬೆಲ್ಟು ಹಾಕಿಸಿಕೊಂಡು, ಸೀಳುಗಳ ಬದಿ ಮುಂದಕ್ಕೆ. ದುಪಟ್ಟಾ ಬುಟ್ಟಿಯ ಹಿಂಬದಿಗೆ ಮಾತ್ರ. ಹೊರಡುವ ಮೊದಲು ನಾಲ್ಕೂ ಬಾಗಿಲು ತೆರೆದು ಬಿಸಿ ಗಾಳಿ ಹೊರಹಾಕಿದೆವು, ಮೊದಲ ಒಂದೆರಡು ನಿಮಿಷ ಕಿಟಕಿ ಇಳಿಸಿಯೇ ಓಡಿಸಿದರು. ಆಮೇಲೆ ಒಳಗಿನ ಗಾಳಿಯೇ ತಿರುಗುವಂತೆ ಗುಂಡಿ ಒತ್ತಿದರು. ಅದೂ ಇಡೀ ದಾರಿಗಲ್ಲ, ತುಂಬಿದ ಕಾರಿನಲ್ಲಿ ಅದೇ ಗಾಳಿ ಸುತ್ತುತ್ತಿದ್ದರೆ ಉಸಿರು ಭಾರವಾಗಿ ತೂಕಡಿಕೆ ಬರುತ್ತದೆ. ಓಡಿಸುವವರಿಗೂ ಬರುತ್ತದೆ. ಮುಂದಿನ ನಡುವಿನ ಎರಡು ಕಿಂಡಿಗಳನ್ನು ಮೇಲಕ್ಕೆತ್ತಿ, ಎರಡು ಸೀಟುಗಳ ಸಂದಿನಿಂದ ಗಾಳಿ ಹಿಂದಕ್ಕೆ ಹಾರುವಂತೆ ತಿರುಗಿಸಿದರು. ಇಷ್ಟಕ್ಕೆ ಒಂದು ಪೈಸೆ ಖರ್ಚಿರಲಿಲ್ಲ.

ಗೂಳೂರು ದಾಟುವಷ್ಟರಲ್ಲಿ ಮೈದುನ ಹಿಂದಿನಿಂದ, "ಭಾಯ್, ಫ್ಯಾನ್ ಜಾಸ್ತಿ ಮಾಡಿ" ಎಂದ. ನಾನು ಕಿಟಕಿಯಾಚೆ ತಿರುಗಿ ನಕ್ಕೆ.

ಹೆಬ್ಬೂರಿನ ಬಳಿ ಅವನೇ ಮಾತು ತೆಗೆದ. ಕಾರು ಕೊಳ್ಳುವ ದಿನ ಅಣ್ಣತಮ್ಮ ಇಬ್ಬರೂ ಹೋಗಿ, ಒಬ್ಬ ಓಡಿಸಿ, ಒಬ್ಬ ಪಕ್ಕ ಕೂತು ನೋಡಿ ಬಂದಿದ್ದರು. ಅದೂ ಸಂಜೆ ಆರಕ್ಕೆ. ಹಿಂದೆ ಕೂತು ನೋಡಿದವರೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕಾರು ನೋಡಲು ಮನೆಯ ಹೆಂಗಸರೇ ಹೋಗಬೇಕು, ಮಧ್ಯಾಹ್ನ ಎರಡಕ್ಕೆ ಹೋಗಬೇಕು, ಹಿಂದೆ ಮೂವರು ಒತ್ತಾಗಿ ಕೂತು ಹತ್ತು ನಿಮಿಷ ಓಡಿಸಲು ಹೇಳಬೇಕು. ಕಿಂಡಿಯೆದುರು ಕೈ ಹಿಡಿದು, ಗಾಳಿ ಬರುತ್ತದೆಯೋ ಬರಿಯ ಜಾಲರಿಯೋ ನೋಡಬೇಕು. ಹಿಂದಿನ ಫ್ಯಾನಿಗೆ ಬೇರೆ ತಿರುಗಣೆ ಇದೆಯೇ ಎಂದು ಕೇಳಬೇಕು. ತೋರಿಸುವ ಕಾರು ಮೇಲಿನ ದರ್ಜೆಯದು, ಕೊಳ್ಳುವುದು ಕೆಳಗಿನದು. ಹಾಗಾಗಿ ನಾವು ಕೊಳ್ಳುವ ಮಾದರಿಯಲ್ಲೇ ಕೂರಿಸಿ ಎನ್ನಬೇಕು. ನಮ್ಮ ಬಿಸಿಲಿನ ನಾಡಿನಲ್ಲಿ ತಲೆಯ ಮೇಲೆ ಗಾಜಿನ ಚಾವಣಿ ಕೊಟ್ಟು ಹಿಂದೆ ಕುಳಿತವರಿಗೆ ಒಂದು ಹಿಡಿ ಗಾಳಿ ಕೊಡದವರ ಲೆಕ್ಕಾಚಾರ ನನಗೆ ಇನ್ನೂ ಅರ್ಥವಾಗಿಲ್ಲ. "ಭಾಭಿ, ಸನ್‌ರೂಫಿಗೆ ಮಕ್ಕಳು ಖುಷಿಪಡ್ತಾರೆ ಅಂತ..." ಎಂದು ರಾಗ ಎಳೆದ. ಮಗಳು ಬುಟ್ಟಿಯ ಪಕ್ಕ ನಿದ್ದೆ ಹೋಗಿದ್ದಳು.

ಕುಣಿಗಲ್ ಹತ್ತಿರವಾದಾಗ ಖಾಲಾ ಕುದುರೆ ಫಾರಂ ನೋಡಬೇಕೆಂದರು. ಟಿಪ್ಪು ಸುಲ್ತಾನ್ ತನ್ನ ಅಶ್ವಪಡೆಗಾಗಿ ಕುದುರೆ ಸಾಕಿಸಿದ ಜಾಗ. ಆಮೇಲೆ ಮೈಸೂರು ಅರಸರದಾಗಿ, ಮುಂದೆ ರೇಸ್ ಕುದುರೆಗಳ ತಳಿಗೆ ದೇಶದಲ್ಲೇ ಹೆಸರಾಯಿತು. ನಾನೂರು ಎಕರೆಗೂ ಮೀರಿದ ಹಸಿರು. ಒಳಗೆ ಬಿಡುವವರಿಲ್ಲ. ಬೇಲಿಯಾಚೆಯಿಂದ ಮರಗಳ ನೆರಳನ್ನಷ್ಟೇ ನೋಡಿದೆವು. ಖಾಲಾರ ಅಬ್ಬಾಗೆ ಜಟಕಾ ಇತ್ತು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಾಡಿಗೆ ಎಷ್ಟೇ ಸಿಗಲಿ, ಕುದುರೆಯನ್ನು ಬಿಸಿಲಿಗೆ ಕಟ್ಟುತ್ತಿರಲಿಲ್ಲವಂತೆ. ಬೇವಿನ ಮರದಡಿ ಬಿಚ್ಚಿ, ನೀರು ಕುಡಿಸಿ, ತಾವೂ ಅಲ್ಲೇ ಒರಗುತ್ತಿದ್ದರು. "ನಾವು ಇವತ್ತು ಹನ್ನೆರಡೂವರೆಗೇ ಹೊರಟೆವು" ಎಂದು ಖಾಲಾ ತಮ್ಮಷ್ಟಕ್ಕೆ ಹೇಳಿಕೊಂಡರು.

ಹಾಡಿನಲ್ಲಿ ಕೇಳಿದ್ದ ಕುಣಿಗಲ್ ಕೆರೆಯ ಬಳಿ ಬರುವಾಗ ಹೊತ್ತು ಇಳಿದಿತ್ತು. ಖಾಲಾ ತಾವೇ ಎಸಿ ಆರಿಸಿದರು. ಯಾವ ಗುಂಡಿಯೆಂದು ಯಾರನ್ನೂ ಕೇಳಲಿಲ್ಲ, ದಾರಿಯುದ್ದಕ್ಕೂ ನೋಡಿಟ್ಟುಕೊಂಡಿದ್ದರು. ಗಾಜು ಇಳಿಸಿದರು. ನೀರಿನ ಮೇಲಿಂದ ಬಂದ ಗಾಳಿ ಕಾರಿನೊಳಗೆ ಹಾದು ಹಿಂದಿನ ಸೀಟಿನವರೆಗೂ ಬಂತು. ಬುಟ್ಟಿಯೊಳಗಿನಿಂದ ಮುನ್ನಿ ಒಮ್ಮೆ ಕೂಗಿತು, ಬೆಳಗಿನ ಹಾಗಲ್ಲ, ಮೀನಿನ ವಾಸನೆ ಸಿಕ್ಕಾಗ ಕೂಗುವ ಹಾಗೆ.

ಹೊಸ ಮನೆಯಲ್ಲಿ ಅದು ಎರಡು ದಿನ ಮಂಚದ ಕೆಳಗಿಂದ ಹೊರಬರಲಿಲ್ಲವಂತೆ. ಮೂರನೆಯ ರಾತ್ರಿ ಬಂದು, ಖಾಲಾ ಮಲಗುವ ಚಾಪೆಯ ಮೇಲೆ, ಟೇಬಲ್ ಫ್ಯಾನಿನ ಎದುರು ಹಾಯಾಗಿ ಮೈ ಚಾಚಿಕೊಂಡಿತಂತೆ. "ನನಗೆ ಒಂದು ಚೂರೂ ಗಾಳಿ ಬಿಡುವುದಿಲ್ಲ ಬೇಟಿ" ಎಂದು ಖಾಲಾ ಫೋನಿನಲ್ಲಿ ದೂರಿದರು. ಹಲಸಿನ ವಾಸನೆ ಮಾತ್ರ ಮೈದುನನ ಕಾರಿನಿಂದ ಇನ್ನೂ ಹೋಗಿಲ್ಲ.